ಬಕೆಟ್ಟಿಗೆ ಇಳಿಯದ ರಗ್ಗು ಬೇಡ
ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ರಗ್ಗಿನ ಬಗ್ಗೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದೀರಿ. ಸಾಕುಪ್ರಾಣಿ ಇರುವ ಮನೆಗೆಂದೇ ಮಾಡಿದ್ದು ಎಂದ ಅಂಗಡಿಯವರ ಮಾತು ನಂಬಿ ಕೊಳ್ಳುತ್ತೀರಿ, ಆಮೇಲೆ ಏಟು ತಿನ್ನುವುದು ನಾಯಿ.

ಪ್ರಶ್ನೆ: ಮನೆಯಲ್ಲಿ ಒಂದು ನಾಯಿ, ಎರಡು ಬೆಕ್ಕು ಇವೆ. ಹಾಲ್‌ಗೆ ದಪ್ಪನೆಯ ಮೆತ್ತನೆ ಕಾರ್ಪೆಟ್ ಹಾಕಬೇಕು. ತೊಳೆಯಲು ಯಾವುದು ಸುಲಭ? (ಎಸ್.ಎಸ್. ಪುರಂ, ತುಮಕೂರು)

ದಪ್ಪನೆಯದು ಯಾವುದೂ ಸುಲಭವಲ್ಲ. ಉಚ್ಚೆ ಮೇಲಿನ ಎಳೆಯಲ್ಲಿ ನಿಲ್ಲುವುದಿಲ್ಲ, ತಳಕ್ಕೆ ಇಳಿಯುತ್ತದೆ. ನೀವು ಒರೆಸುವುದು ಮೇಲೆ, ನಾರುವುದು ಕೆಳಗೆ. ತಳಕ್ಕೆ ರಬ್ಬರ್ ಅಂಟಿಸಿದ್ದರಂತೂ ನಡುವೆ ಸಿಕ್ಕ ತೇವ ಬೇಗ ಒಣಗುವುದೇ ಇಲ್ಲ. ಅಂಗಡಿಯಲ್ಲೇ ರಗ್ಗು ಮಗುಚಿ ನೋಡಿ. ಹಿಂದೆಯೂ ಮುಂದಿನದೇ ನೇಯ್ಗೆ ಕಂಡರೆ ಕೊಳ್ಳಿ. ತೆಳ್ಳನೆಯ ಹತ್ತಿ ಜಮಖಾನ ಸಾಕು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಎಳೆ ನೀರನ್ನೇ ಹೀರುವುದಿಲ್ಲ, ತಾರಸಿ ಮೇಲೆ ಹಾಸಿ ಪೈಪ್ ಹಿಡಿದರೆ ಮುಗಿಯಿತು. ದೊಡ್ಡದೊಂದರ ಬದಲು ಚಿಕ್ಕವು ಎರಡು ತನ್ನಿ, ಒಬ್ಬರೇ ಎತ್ತುವಂತಿರಲಿ.

ಎಳೆ ಕುಣಿಕೆ ಕುಣಿಕೆಯಾಗಿ ಎದ್ದಿರುವುದನ್ನು ಮುಟ್ಟಲೇಬೇಡಿ. ಉಗುರು ಸಿಕ್ಕಿಕೊಂಡು, ಗಾಬರಿಯಲ್ಲಿ ಜಗ್ಗಿ, ಬುಡಸಮೇತ ಕಿತ್ತುಕೊಂಡ ಬೆಕ್ಕುಗಳಿಗೆ ಪಟ್ಟಿ ಕಟ್ಟಿ ನನಗೆ ಸಾಕಾಗಿದೆ. ತಿಪಟೂರು ಕಡೆಯ ತೆಂಗಿನ ನಾರಿನ ಮ್ಯಾಟು ಹೊರಬಾಗಿಲಿಗೆ ಒಳ್ಳೆಯದು, ಒಳಗೆ ಬೇಡ. ನಾರು ಒಮ್ಮೆ ಉಚ್ಚೆ ಕುಡಿದರೆ ಬಿಡುವುದಿಲ್ಲ.

ಉಚ್ಚೆ ಬಿದ್ದ ಕೂಡಲೇ ಒಣಬಟ್ಟೆ ಇಟ್ಟು ಒತ್ತಿ, ಉಜ್ಜಬೇಡಿ. ಬಳಿಕ ತಣ್ಣೀರು, ಆಮೇಲೆ ಉಚ್ಚೆಯ ಅಂಶವನ್ನು ಒಡೆಯುವ ಎನ್ಜೈಮ್ ಇರುವ ಕ್ಲೀನರ್. ಅದನ್ನು ಹಾಕಿದ ತಕ್ಷಣ ಒರೆಸಿಬಿಟ್ಟರೆ ದುಡ್ಡು ದಂಡ, ಬಾಟಲಿಯಲ್ಲಿ ಬರೆದಷ್ಟು ಹೊತ್ತು ನೆನೆಯಬೇಕು. ಬೆಕ್ಕಿನ ಉಚ್ಚೆಯಲ್ಲಿರುವ ಫೆಲಿನೀನ್ ಎಂಬ ವಸ್ತು ಒಡೆದು ಗಂಧಕದ ವಾಸನೆ ಏಳುತ್ತದೆ, ಅದಕ್ಕೇ ಮೊದಲ ದಿನಕ್ಕಿಂತ ಆಮೇಲೆಯೇ ಹೆಚ್ಚು ನಾರುವುದು. ನಮ್ಮ ಬೋರ್‌ವೆಲ್ ನೀರು ಗಡಸು. ನೊರೆ ಬರಲಿಲ್ಲವೆಂದು ಸೋಪಿನ ಪುಡಿ ಸುರಿಯಬೇಡಿ. ಆ ಜಿಡ್ಡು ಎಳೆಯಲ್ಲೇ ಕೂತು ಮತ್ತೆ ಕೊಳೆ ಹಿಡಿಯುತ್ತದೆ. ಪುಡಿ ಕಡಿಮೆ ಹಾಕಿ, ಎರಡು ಸಲ ಜಾಲಿಸಿ.

ಪ್ರಶ್ನೆ: ವಾಸನೆಗೆ ಫಿನಾಯಿಲ್ ಹಾಕಬಹುದೇ? ಬ್ಲೀಚಿಂಗ್ ಪೌಡರ್? (ಗುಬ್ಬಿ)

ಎರಡೂ ಬೇಡ. ಫಿನಾಯಿಲ್‌ನಲ್ಲಿರುವ ಫೀನಾಲ್ ಬೆಕ್ಕಿನ ಪಾದಕ್ಕೆ ಹತ್ತುತ್ತದೆ, ಬೆಕ್ಕು ಪಾದ ನೆಕ್ಕುತ್ತದೆ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರ್‌ಗಿಲ್ಲ. ಬ್ಲೀಚಿಂಗ್ ಪೌಡರ್ ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ವಿಷದ ಗಾಳಿ, ನಿಮಗೂ ಕೆಮ್ಮು.

ಪ್ರಶ್ನೆ: ಚಿಗಟ ಬರದಂತೆ ರಗ್ಗಿನಡಿ ನುಸಿಗುಳಿಗೆ ಇಡಬಹುದೇ? (ಶಿರಾ)

ನಾಯಿ ಅದನ್ನು ನುಂಗಿದರೆ ಕೆಂಪು ರಕ್ತಕಣ ಒಡೆಯುತ್ತವೆ. ಈ ಉಪಾಯ ಹೇಳಿಕೊಟ್ಟವರ ಮಾತು ಇನ್ನು ಮುಂದೆ ಕೇಳಬೇಡಿ.

ಪ್ರಶ್ನೆ: ಗಂಡುಬೆಕ್ಕು ದಿನವಿಡೀ ರಗ್ಗಿನ ಮೇಲೆ ಕೂತು ತಿಣುಕುತ್ತದೆ, ತೊಟ್ಟು ತೊಟ್ಟೇ ಉಚ್ಚೆ. ಕಲೆ ಹೋಗಲು ಏನು ಹಾಕಲಿ? (ಕುಣಿಗಲ್)

ಕಲೆಯ ಮಾತು ಬಿಡಿ! ಮೂತ್ರನಾಳ ಕಟ್ಟಿರಬಹುದು. ಪೂರ್ತಿ ಕಟ್ಟಿದರೆ ಎರಡು ಮೂರು ದಿನದಲ್ಲಿ ಬೆಕ್ಕು ಸಾಯುತ್ತದೆ. ಬಾರ್ಲಿ ನೀರು, ನಿಂಬೆರಸ ಕುಡಿಸುತ್ತಾ ಹೊತ್ತು ಕಳೆಯಬೇಡಿ. ಇದನ್ನು ಓದಿದ ಕೂಡಲೇ ಪಶು ಆಸ್ಪತ್ರೆಗೆ ಎತ್ತಿಕೊಂಡು ಹೋಗಿ.