ಒಪೆರಾ ಹೌಸ್‌ನ ಮುಂದಿನ ಸೀಸನ್ ಬಗ್ಗೆ ಕೇಳಿಬರುವ ಗುಸುಗುಸು ನಂಬಬಹುದಾ?

ಮುಂಬೈನ ಚರ್ನಿ ರೋಡಿನ ರಾಯಲ್ ಒಪೆರಾ ಹೌಸ್‌ನಲ್ಲಿ ಮುಂದಿನ ವರ್ಷದಿಂದ ಪೂರಾ ಒಪೆರಾ ಸೀಸನ್ ಶುರುವಾಗುತ್ತಂತೆ ಎಂದು ನಿಮ್ಮ ಆಫೀಸಿನವರೊಬ್ಬರು ಹೇಳಿದ್ದಾರೆ. ನ್ಯೂಯಾರ್ಕಿನ ಮೆಟ್, ಅಂದರೆ ಮೆಟ್ರೊಪಾಲಿಟನ್ ಒಪೆರಾದಲ್ಲಿ ಎರಡು ವರ್ಷ ಬಿಟ್ಟು ಯಾರು ಹಾಡುತ್ತಾರೆ ಅಂತಲೂ ಅವರೇ ಹೇಳುತ್ತಾರೆ. ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ದೂರದ್ದನ್ನೇ ನಂಬಿ ಸ್ವಾಮಿ, ಹತ್ತಿರದ್ದನ್ನಲ್ಲ.

ನಮ್ಮ ಒಪೆರಾ ಹೌಸ್ 1911ರಲ್ಲಿ ಐದನೇ ಜಾರ್ಜ್ ಉದ್ಘಾಟಿಸಿದ ಕಟ್ಟಡ. ಆಮೇಲೆ ಸಿನಿಮಾ ಟಾಕೀಸಾಯಿತು, 1993ರಲ್ಲಿ ಬಾಗಿಲು ಹಾಕಿತು, ರಿಪೇರಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ನೋಡಲು ಚೆಂದ, ಆದರೆ ಅದಕ್ಕೆ ಸ್ವಂತ ಗಾಯಕರಿಲ್ಲ, ವಾದ್ಯವೃಂದವಿಲ್ಲ, ಸೀಟುಗಳೂ ಆರುನೂರರ ಒಳಗೆ. ಯಾರಾದರೂ ತಂಡ ಕಟ್ಟಿ ಒಂದು ಒಪೆರಾ ಆಡಿಸಿದರೆ ಅದು ಒಂದು ಕಾರ್ಯಕ್ರಮ, ಸೀಸನ್ ಅಲ್ಲ. ಊರಲ್ಲಿ ಸೀಸನ್ ಅಂತ ನಡೆಸುವುದು ಎನ್‌ಸಿಪಿಎ ಎಂಬ ಕಲಾಕೇಂದ್ರದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. 2006ರಲ್ಲಿ ಹುಟ್ಟಿದ್ದು, ಫೆಬ್ರವರಿ ಮತ್ತು ಸೆಪ್ಟೆಂಬರ್ ಅದರ ಹಂಗಾಮು. ಅಲ್ಲೂ ಹೆಚ್ಚಿನವು ಸಂಗೀತ ಕಛೇರಿಗಳೇ, ಒಪೆರಾ ಅಪರೂಪಕ್ಕೆ.

ಮೆಟ್‌ನ ಕತೆ ಬೇರೆ. ದೊಡ್ಡ ಗಾಯಕರನ್ನು ನಾಲ್ಕೈದು ವರ್ಷ ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ, ಪಟ್ಟಿ ಮಾತ್ರ ಸಾಮಾನ್ಯವಾಗಿ ಸೀಸನ್ನಿಗೆ ಆರೇಳು ತಿಂಗಳಿರುವಾಗ ಹೊರಬೀಳುತ್ತೆ. ನಡುವಿನ ವರ್ಷಗಳಲ್ಲಿ ಗಾಯಕರು, ಏಜೆಂಟರು, ಹೊಲಿಗೆಯವರು ಎಲ್ಲರಿಗೂ ವಿಷಯ ಗೊತ್ತು. ಇಷ್ಟು ಜನರ ಬಾಯಿ ಕಟ್ಟೋದು ಹೇಗೆ? ಎನ್‌ಸಿಪಿಎಯಲ್ಲಿ ಮೆಟ್‌ನ ಒಪೆರಾವನ್ನು ಪರದೆಯ ಮೇಲೆ ತೋರಿಸುವಾಗ ಇಂಟರ್‌ವಲ್‌ನಲ್ಲಿ ಒಬ್ಬ ಪಾರ್ಸಿ ಬಾವಾಜಿ ಒಂದು ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಚಾಚಿ ತೋರಿಸಿದರು: ಒಬ್ಬ ಗಾಯಕಿಯ ಸ್ವಂತ ವೆಬ್‌ಸೈಟು, ಪರಿಚಯದ ಕೊನೇ ಸಾಲಿನಲ್ಲಿ ಮುಂದಿನ ಪಾತ್ರಗಳು. ನಾಲ್ಕಾರು ಗಾಯಕರ ಪುಟ ಒಟ್ಟಿಗಿಟ್ಟು ನೋಡಿದರೆ ಅರ್ಧ ಸೀಸನ್ ಕೈಗೆ ಸಿಗುತ್ತೆ. ಇನ್ನೊಂದು ಸುಳಿವು, ಒಪೆರಾ ಸಂಸ್ಥೆಗಳು ಖರ್ಚು ಹಂಚಿಕೊಂಡು ಮಾಡುವ ಪ್ರಯೋಗ; ಒಂದು ಕಡೆ ಆಡಿದ್ದು ಮುಂದೆ ಇನ್ನೊಂದು ಕಡೆ ಬರುತ್ತೆ. ಸಿನಿಮಾ ನಿರ್ದೇಶಕ ಮಿಂಗೆಲ್ಲಾ ಆಡಿಸಿದ 'ಮದಾಮಾ ಬಟರ್‌ಫ್ಲೈ' 2005ರಲ್ಲಿ ಲಂಡನ್ನಿನಲ್ಲಿ ಆಯ್ತು, 2006ರಲ್ಲಿ ಅದೇ ಪ್ರಯೋಗದಿಂದ ಮೆಟ್‌ನ ಸೀಸನ್ ಶುರುವಾಯ್ತು.

ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲೆ ಯಕ್ಷಗಾನದ ಅಭಿಮಾನಿಗಳು ಯಾವ ಭಾಗವತರು ಮುಂದಿನ ತಿರುಗಾಟಕ್ಕೆ ಯಾವ ಮೇಳ ಎಂದು ಹೋಟೆಲಿನಲ್ಲಿ ಕೂತು ಹಂಚುವುದನ್ನು ನೋಡಿದ್ದರೆ ನಿಮಗೆ ಇದೆಲ್ಲ ಹೊಸದಲ್ಲ.

ಆದರೆ ಅಚ್ಚಾದ ಪಟ್ಟಿಯೂ ಉಳಿಯುವ ಖಾತ್ರಿಯಿಲ್ಲ. 2017ರ ಡಿಸೆಂಬರ್ 31ಕ್ಕೆ ಮೆಟ್‌ನಲ್ಲಿ 'ಟೋಸ್ಕಾ' ಒಪೆರಾದ ಹೊಸ ಪ್ರಯೋಗ ಇತ್ತು. ಮೊದಲು ಘೋಷಿಸಿದ್ದ ಗಾಯಕರು ಕೌಫ್‌ಮನ್, ಒಪೊಲೈಸ್, ಟೆರ್ಫೆಲ್ ಮೂವರೂ ಹಿಂದೆ ಸರಿದರು, ವಾದ್ಯವೃಂದ ನಡೆಸುವ ಕಂಡಕ್ಟರ್ ಎರಡು ಸಲ ಬದಲಾದರು. ಕೌಫ್‌ಮನ್‌ಗಾಗಿಯೇ ಕಾದಿದ್ದವರ ಬಾಯಿಂದ ಆಗ ಬಂದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ನಿಮ್ಮ ಆಫೀಸಿನವರು ಇನ್ನೊಮ್ಮೆ ಹೆಸರು ಹೇಳಿದರೆ "ಎಲ್ಲಿ ನೋಡಿದಿರಿ ಸಾರ್?" ಅಂತ ಕೇಳಿ. ಗಾಯಕರ ಪುಟ ತೋರಿಸಿದರೆ ಬರೆದಿಟ್ಟುಕೊಳ್ಳಿ. "ಎಲ್ಲರೂ ಹೇಳ್ತಿದ್ದಾರೆ" ಅಂದರೆ ಚಹಾ ಕುಡಿದು ಎದ್ದುಬನ್ನಿ.