ಆ ಗೋಡೆಗೆ ಕೈ ಇಟ್ಟು ನೋಡಿದಿರಾ?

ಕುಂದಾಪುರದ ಓದುಗರೊಬ್ಬರ ಪತ್ರ: “ಮಗ ದುಬೈ ಕಡೆಯ ರಾಸ್ ಅಲ್ ಖೈಮಾದಲ್ಲಿದ್ದಾನೆ. ಒಂದು ತಿಂಗಳು ಇದ್ದು ಬಂದೆ. ಜೆಬೆಲ್ ಜೈಸ್ ಬೆಟ್ಟದ ಜಿಪ್‌ಲೈನ್ ಭರ್ಜರಿಯಾಗಿದೆ. ದೆವ್ವದ ಊರು ಅಂತ ಒಂದು ಕಡೆ ಕರೆದುಕೊಂಡು ಹೋದರು, ಬರೀ ಮುರುಕು ಗೋಡೆ. ಆ ಮರಳುಗಾಡಲ್ಲಿ ಹಳೇದು ಅಂತ ನೋಡಲು ಏನಿದೆ? ಅಂಥ ಊರುಗಳ ಬಗ್ಗೆ ನೀವ್ಯಾಕೆ ಪುಟಗಟ್ಟಲೆ ಬರೆಸುತ್ತೀರಿ?”

ಸಂಪಾದಕರ ಉತ್ತರ: ಇಷ್ಟು ನೇರವಾಗಿ ಬರೆಯುವವರು ಕಡಿಮೆ. ಅದಕ್ಕೇ ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜಿಪ್‌ಲೈನ್ ಬಗ್ಗೆ ನನ್ನ ತಕರಾರಿಲ್ಲ. 2018ರಲ್ಲಿ ಶುರುವಾದ ಅದರ ತಂತಿ 2.8 ಕಿಲೋಮೀಟರ್ ಉದ್ದ ಇದೆ, ಗಿನ್ನೆಸ್ ದಾಖಲೆಗೂ ಸೇರಿತು. ಖುಷಿ ಕೊಟ್ಟಿದ್ದರೆ ಒಳ್ಳೆಯದೇ.

ಆದರೆ ಆ ಮುರುಕು ಗೋಡೆಯ ಊರಿಗೆ ಒಂದು ಹೆಸರಿದೆ. ಜಜೀರತ್ ಅಲ್ ಹಮ್ರಾ, ಅಂದರೆ ಕೆಂಪು ದ್ವೀಪ. ನಿಮ್ಮ ಪತ್ರದಲ್ಲಿ ಆ ಹೆಸರೇ ಇಲ್ಲ. ನನಗೆ ಬೇಜಾರಾದದ್ದು ಅದಕ್ಕೆ.

ಒಂದು ಸಂಜೆ ನಾನೂ ಅಲ್ಲಿ ನಿಂತಿದ್ದೆ. ಬಾಗಿಲಿಲ್ಲದ ಮನೆಯೊಂದರ ಗೋಡೆಗೆ ಕೈ ಇಟ್ಟೆ. ಅಂಗೈಗೆ ತರಚುವಷ್ಟು ಒರಟು. ಬಾಗಿ ನೋಡಿದರೆ ಕಲ್ಲಿನ ತುಂಬಾ ಜೇನುಗೂಡಿನಂಥ ಸಣ್ಣ ಸಣ್ಣ ತೂತು. ಹವಳ! ಸಮುದ್ರದಿಂದ ತಂದ ಹವಳದ ಕಲ್ಲಿನಿಂದಲೇ ಕಟ್ಟಿದ ಮನೆ. ಗಾರೆಯ ನಡುವೆ ಒಂದು ಪುಟ್ಟ ಚಿಪ್ಪು ಅರ್ಧ ಇಣುಕುತ್ತಿತ್ತು. ಮೇಲೆ ಕಾಂಡ್ಲಾ ಮರದ ತೊಲೆಗಳು. ಇಂಥ ತೊಲೆಗಳು ಪೂರ್ವ ಆಫ್ರಿಕಾದಿಂದ ಹಾಯಿಹಡಗಿನಲ್ಲಿ ಬರುತ್ತಿದ್ದವು.

ಅದು ಮುತ್ತು ತೆಗೆಯುವವರ ಊರು. ಬೇಸಿಗೆಯ ನಾಲ್ಕು ತಿಂಗಳು ಗಂಡಸರೆಲ್ಲ ಸಮುದ್ರದಲ್ಲೇ. ಮುಳುಗುವವನ ಮೂಗಿಗೆ ಚಿಮಟ, ಕಾಲಿಗೆ ಕಲ್ಲು. ದೋಣಿಯಲ್ಲಿ ಇನ್ನೊಬ್ಬ ಹಗ್ಗ ಹಿಡಿದು ಕೂರುತ್ತಿದ್ದ. ಕೆಳಗಿನಿಂದ ಜಗ್ಗಿದ ಕೂಡಲೇ ಎಳೆಯಬೇಕು, ಸ್ವಲ್ಪ ತಡವಾದರೂ ಹೆಣವೇ ಮೇಲೆ ಬರುವುದು. ಹೀಗೆ ತೆಗೆದ ಮುತ್ತಿನ ದೊಡ್ಡ ಸಂತೆ ಮುಂಬೈ. ಆಮೇಲೆ ಜಪಾನಿನ ಸಾಕಿದ ಮುತ್ತು ಬಂತು, 1929ರ ಆರ್ಥಿಕ ಕುಸಿತವೂ ಸೇರಿಕೊಂಡಿತು, ವ್ಯಾಪಾರ ಮಕಾಡೆ ಮಲಗಿತು. 1968ರಲ್ಲಿ ಅಲ್ಲಿ ನೆಲೆಸಿದ್ದ ಜಾಬ್ ಕುಲದವರು ಗಂಟುಮೂಟೆ ಕಟ್ಟಿಕೊಂಡು ಅಬುಧಾಬಿಗೆ ಹೊರಟರು. ಆ ತೀರದ ಎಷ್ಟೋ ಹಳೇ ಕೇರಿಗಳನ್ನು ಕೆಡವಿ ಕಾಂಕ್ರೀಟ್ ಹಾಕಿದರು, ಇದು ಮಾತ್ರ ಬಿಟ್ಟುಹೋದ ಹಾಗೇ ಉಳಿಯಿತು. 2020ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಬಂತು.

ಇಂಥ ಊರನ್ನು ದೆವ್ವದ ಊರು ಅನ್ನಬಹುದಾ? ಬಿಟ್ಟುಹೋದವರ ಮಕ್ಕಳು, ಮೊಮ್ಮಕ್ಕಳು ಬದುಕಿದ್ದಾರೆ. ಅವರ ಅಜ್ಜಿ ಅಡುಗೆ ಮಾಡಿದ ಜಾಗದಲ್ಲಿ ನಿಂತು ‘ದೆವ್ವ ಬಂತು’ ಎಂದು ಕಿರುಚುತ್ತಾ ವಿಡಿಯೋ ಮಾಡುವವರನ್ನು ಕಣ್ಣಾರೆ ಕಂಡೆ. ಸಿಟ್ಟು ಬಂತು. ನಮ್ಮವರ ಮೇಲೂ ನನಗೆ ಸಿಟ್ಟಿದೆ. ಮೂವತ್ತು ವರ್ಷ ಗಲ್ಫಿನ ಅನ್ನ ತಿಂದವರಿಗೆ ಪಕ್ಕದ ಬೀದಿಯ ಕಥೆ ಗೊತ್ತಿರುವುದಿಲ್ಲ. ಸಂಬಳ, ಮಾಲ್, ಚಿನ್ನದ ರೇಟು, ಅಷ್ಟೇ ಮಾತು.

ಅದೇನು ಪರಕೀಯ ತೀರವೂ ಅಲ್ಲ ಮಾರಾಯ್ರೆ. 1966ರವರೆಗೆ ಅಲ್ಲಿ ಓಡುತ್ತಿದ್ದ ಹಣ ರೂಪಾಯಿ. 1959ರಿಂದ ಗಲ್ಫಿಗೆಂದೇ ಬೇರೆ ನೋಟುಗಳನ್ನು ನಮ್ಮ ರಿಸರ್ವ್ ಬ್ಯಾಂಕೇ ಅಚ್ಚು ಹಾಕಿಸಿತ್ತು. ಪೋರ್ಚುಗೀಸರ ಕಾಲದಲ್ಲಿ ಹೊರ್ಮುಜ್, ಮಸ್ಕತ್‌ಗೆ ಅಕ್ಕಿ ಹೋಗುತ್ತಿದ್ದ ಬಂದರುಗಳಲ್ಲಿ ಬಸ್ರೂರೂ ಒಂದು. ನಿಮ್ಮ ಮನೆಯಿಂದ ಬಸ್ರೂರಿಗೆ ಎಷ್ಟು ದೂರ? ಅಲ್ಲಿ ಇನ್ನೂ ಏನೇನು ಉಳಿದಿದೆ ಅಂತ ಯಾವತ್ತಾದರೂ ನೋಡಿದ್ದೀರಾ?

ಹಳೇದು ಏನಿದೆ ಅಂದಿರಲ್ವಾ? ಅದೇ ರಾಸ್ ಅಲ್ ಖೈಮಾದ ಶಿಮಲ್‌ನಲ್ಲಿ ಸುಮಾರು 4,000 ವರ್ಷ ಹಿಂದಿನ ಗೋರಿಗಳಿವೆ. ಹದಿನೈದನೇ ಶತಮಾನದ ದೊಡ್ಡ ನಾವಿಕ ಇಬ್ನ್ ಮಾಜಿದ್ ಹುಟ್ಟಿದ್ದು ಅಲ್ಲಿನ ಜುಲ್ಫಾರ್ ಬಂದರಿನಲ್ಲಿ. ಮುಂದಿನ ಸಲ ಮಗನ ಹತ್ತಿರ ಹೋದಾಗ ಬಿಸಿಲು ಏರುವ ಮೊದಲೇ ಜಜೀರತ್ ಅಲ್ ಹಮ್ರಾಗೆ ಹೋಗಿ. ಗೋಡೆಯಲ್ಲಿ ಹವಳ ಹುಡುಕಿ. ಸಿಕ್ಕಿದರೆ ಬರೆಯಿರಿ, ಪುಟ ಖಾಲಿ ಇಟ್ಟಿರುತ್ತೇನೆ.