ಕಾಲೇಜಿನಲ್ಲಿ ಅಷ್ಟು ಮೆರೆದ ಜಿಮ್ಮರ್ ಫ್ರೆಡೆಟ್ ಎನ್‌ಬಿಎನಲ್ಲಿ ಯಾಕೆ ನಿಲ್ಲಲಿಲ್ಲ? ಮೊದಲೇ ಗೊತ್ತಾಗುತ್ತಿರಲಿಲ್ಲವಾ?

ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ಜಿಮ್ಮರ್‌ನ ಹಳೆಯ ವಿಡಿಯೊಗಳನ್ನು ಈಗ ನೋಡಿದೆ, ಇಂಥ ಆಟಗಾರ ಎನ್‌ಬಿಎನಲ್ಲಿ, ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ, ಯಾಕೆ ಸೊರಗಿದ, ಕಾಲೇಜಿನಲ್ಲಿ ಆಡುವಾಗಲೇ ಅದು ಕಾಣುತ್ತಿರಲಿಲ್ಲವಾ ಅಂತ ಕೇಳಿದ್ದೀರಿ. 2010-11ರ ಆ ಸೀಸನ್ನನ್ನು ನಾನು ಬೆಳಗಿನ ಜಾವ ಎದ್ದು ನೋಡಿದವನು. ಅಲ್ಲಿ ರಾತ್ರಿ ಪಂದ್ಯ ನಡೆಯುವಾಗ ಇಲ್ಲಿ ನಮಗೆ ಬೆಳಗಾಗುತ್ತಿರುತ್ತದೆ. ಇವನು ಎನ್‌ಬಿಎನಲ್ಲೂ ಗೆದ್ದೇ ಗೆಲ್ಲುತ್ತಾನೆ ಅಂತ ಗಟ್ಟಿಯಾಗಿ ನಂಬಿದ್ದೆ. ಆಮೇಲೆ ಆದದ್ದು ನೋಡಿ ನಿಜಕ್ಕೂ ಬೇಜಾರಾಯಿತು. ಕಾಲೇಜು ಆಟಗಾರರನ್ನು ನಾನು ನೋಡುವ ರೀತಿ ಬದಲಾದದ್ದೇ ಅವನಿಂದ.

ಮೊದಲು ಒಂದು ಮಾತು. ಅವನ ಕಾಲೇಜು ಆಟವೆಲ್ಲ ಸುಮ್ನೆ ಅಬ್ಬರ, ಎದುರಾಳಿಗಳೇ ಸಪ್ಪೆ ಅಂತ ಈಗ ಕೆಲವರು ಹೇಳುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಯೂಟಾ ರಾಜ್ಯದ ಪ್ರೊವೊ ಊರಿನಲ್ಲಿರುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ, ಅಂದರೆ ಬಿವೈಯು, ಅವನ ತಂಡ. ಕೊನೆಯ ವರ್ಷ ಪಂದ್ಯಕ್ಕೆ ಸರಾಸರಿ 28.9 ಪಾಯಿಂಟ್ ಹೊಡೆದ. ಇಡೀ ದೇಶದಲ್ಲಿ ಅದೇ ಜಾಸ್ತಿ. 2011ರ ಜನವರಿ 26ರಂದು ಸ್ಯಾನ್ ಡಿಯೇಗೊ ಸ್ಟೇಟ್ ತಂಡ ಪ್ರೊವೊಗೆ ಬಂದಾಗ, ಅದು ಆ ಸೀಸನ್‌ನಲ್ಲಿ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಮುಂದೆ ಎನ್‌ಬಿಎನಲ್ಲಿ ದೊಡ್ಡ ಹೆಸರು ಮಾಡಿದ ಕವೈ ಲೆನಾರ್ಡ್ ಆ ತಂಡದಲ್ಲಿದ್ದ. ಜಿಮ್ಮರ್ ಅವರ ಮೇಲೆ 43 ಪಾಯಿಂಟ್ ಹಾಕಿದ, ಬಿವೈಯು 71-58ರಿಂದ ಗೆದ್ದಿತು. ಮಾರ್ಚ್‌ನಲ್ಲಿ ನ್ಯೂ ಮೆಕ್ಸಿಕೊ ವಿರುದ್ಧ 52. ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿಗಳೆಲ್ಲ ಅವನ ಮನೆಗೇ ಹೋದವು. ಇಷ್ಟನ್ನು ಸಪ್ಪೆ ಎದುರಾಳಿಗಳ ಲೆಕ್ಕಕ್ಕೆ ಹಾಕಲು ಆಗುವುದಿಲ್ಲ.

ಹಾಗಾದರೆ ಎಲ್ಲಿ ಎಡವಿದೆವು? ಅವನು ಎಷ್ಟು ಪಾಯಿಂಟ್ ಹೊಡೆದ ಅಂತ ಎಲ್ಲರೂ ಎಣಿಸಿದೆವು. ಆ ಪಾಯಿಂಟ್ ಹೇಗೆ ಬಂತು, ಬಾಲ್ ಕೈಯಲ್ಲಿ ಇಲ್ಲದಾಗ ಅವನು ಏನು ಮಾಡುತ್ತಿದ್ದ ಅಂತ ಬಹಳ ಕಡಿಮೆ ಜನ ನೋಡಿದರು. ನಾನಂತೂ ನೋಡಲಿಲ್ಲ.

ಆ ವಿಡಿಯೊಗಳನ್ನೇ ಮತ್ತೆ ಹಾಕಿ ನೋಡಿ. ಬಾಲ್ ಮೊದಲಿಂದ ಅವನ ಕೈಯಲ್ಲೇ ಇರುತ್ತದೆ. ದೊಡ್ಡ ಮೈಕಟ್ಟಿನ ಜೊತೆಗಾರನೊಬ್ಬ ಬಂದು ಸ್ಕ್ರೀನ್ ಹಾಕುತ್ತಾನೆ, ಅಂದರೆ ಎದುರಾಳಿಯ ದಾರಿಗೆ ಅಡ್ಡ ನಿಲ್ಲುತ್ತಾನೆ. ಜಿಮ್ಮರ್ ಡ್ರಿಬಲ್ ಮಾಡುತ್ತಾ ಮಾಡುತ್ತಾ ಜಾಗ ಹುಡುಕುತ್ತಾನೆ, ಮೂರು ಪಾಯಿಂಟ್ ಗೆರೆಯಿಂದ ಎರಡು ಮಾರು ಆಚೆಯಿಂದಲೇ ಎತ್ತಿ ಹೊಡೆಯುತ್ತಾನೆ. ಬಿದ್ದರೆ ಕ್ರೀಡಾಂಗಣವೇ ಹಾರಿಹೋಗುವಂಥ ಕೂಗು. ಬೀಳದಿದ್ದರೂ ಪರವಾಗಿಲ್ಲ, ಮುಂದಿನ ಸಲವೂ ಬಾಲ್ ಅವನಿಗೇ. ಕೋಚ್ ಡೇವ್ ರೋಸ್ ಅವನಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟಿದ್ದರು. ಅದು ಸರಿಯಾದ ನಿರ್ಧಾರವೇ. ಆ ವರ್ಷ ತಂಡ 32 ಗೆದ್ದು 5 ಮಾತ್ರ ಸೋತಿತು. ಆದರೆ ಆಗ ಕಾಲೇಜಿನಲ್ಲಿ ಬಾಲ್ ಸಿಕ್ಕ ತಂಡಕ್ಕೆ ಹೊಡೆಯಲು 35 ಸೆಕೆಂಡ್ ಇತ್ತು. ಎನ್‌ಬಿಎನಲ್ಲಿ 24. ಹುಡುಕಾಡಿ, ತಿರುಗಿ, ಮತ್ತೆ ಶುರು ಮಾಡಲು ಅಲ್ಲಿ ಪುರುಸೊತ್ತು ಇಲ್ಲ.

ಇನ್ನು ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವ ಆಟ. ಬಿವೈಯುನಲ್ಲಿ ಎದುರಾಳಿಯ ಒಳ್ಳೆಯ ಗಾರ್ಡ್‌ನನ್ನು (ಬುಟ್ಟಿಯಿಂದ ದೂರದಲ್ಲಿ ಆಡುವವನನ್ನು) ತಡೆಯುವ ಕೆಲಸ ಜೊತೆಗಾರ ಜ್ಯಾಕ್ಸನ್ ಎಮರಿಯದ್ದು. ಜಿಮ್ಮರ್ ಸಾಮಾನ್ಯವಾಗಿ ಅಷ್ಟೇನೂ ಅಪಾಯವಿಲ್ಲದ ಆಟಗಾರನನ್ನು ತಡೆಯುತ್ತಿದ್ದ, ಪಾಯಿಂಟ್ ಹೊಡೆಯುವವನಿಗೆ ದಣಿವಾಗಬಾರದು ಅಂತ. ಕಾಲೇಜು ಮಟ್ಟದಲ್ಲಿ ಇದು ಜಾಣ ಲೆಕ್ಕಾಚಾರ. ಆದರೆ ನೋಡುವವರಿಗೆ ಇದರಿಂದ ಒಂದು ಮುಖ್ಯ ಮಾಹಿತಿ ಸಿಗದೇ ಹೋಯಿತು. ಅವನಷ್ಟೇ ಎತ್ತರದ, ಅವನಿಗಿಂತ ವೇಗದ ಹುಡುಗ ಎದುರಿಗೆ ನಿಂತರೆ ಇವನ ಕಾಲು ಓಡುತ್ತದಾ? ಆ ಪರೀಕ್ಷೆ ನಮ್ಮ ಕಣ್ಣೆದುರು ಹೆಚ್ಚಾಗಿ ನಡೆಯಲೇ ಇಲ್ಲ.

ಇಲ್ಲಿ ಸ್ಟೀಫನ್ ಕರಿಯ, ಮುಂದೆ ಎನ್‌ಬಿಎನ ಗೋಲ್ಡನ್ ಸ್ಟೇಟ್ ತಂಡದಲ್ಲಿ ಮೆರೆದವನ, ವಿಷಯ ಹೇಳಲೇಬೇಕು. ಆಗ ಎಲ್ಲರೂ ಜಿಮ್ಮರ್‌ನನ್ನು ಹೋಲಿಸುತ್ತಿದ್ದದ್ದು ಅವನಿಗೇ. ಮೇಲ್ನೋಟಕ್ಕೆ ಹೋಲಿಕೆ ಸರಿ ಅನ್ನಿಸುತ್ತದೆ. ಕರಿ ಡೇವಿಡ್‌ಸನ್ ಅನ್ನುವ ಪುಟ್ಟ ಕಾಲೇಜಿನವನು. 2008-09ರಲ್ಲಿ ಪಂದ್ಯಕ್ಕೆ 28.6 ಪಾಯಿಂಟ್, ಅವನೂ ದೇಶಕ್ಕೇ ಮೊದಲಿಗ. ಇಬ್ಬರೂ ಹೆಚ್ಚುಕಡಿಮೆ ಒಂದೇ ಎತ್ತರ. ಇಬ್ಬರೂ ದೂರದಿಂದ ಹೊಡೆಯುವವರು. ಆದರೆ ಕರಿಯ ಹಿಂದಿನ ವರ್ಷ ನೋಡಿ. 2007-08ರಲ್ಲಿ ಡೇವಿಡ್‌ಸನ್‌ನಲ್ಲಿ ಬಾಲ್ ನಡೆಸುತ್ತಿದ್ದವನು ಜೇಸನ್ ರಿಚರ್ಡ್ಸ್. ಕರಿ ಬಾಲ್ ಇಲ್ಲದೆ ಓಡುತ್ತಿದ್ದ. ಒಂದು ಸ್ಕ್ರೀನ್ ಸುತ್ತಿ, ಇನ್ನೊಂದರ ಕೆಳಗೆ ನುಸುಳಿ, ಬಾಲ್ ಕೈಗೆ ಬಂದ ಕ್ಷಣವೇ ಎತ್ತಿ ಹೊಡೆಯುತ್ತಿದ್ದ. ಆ ಮಾರ್ಚ್‌ನಲ್ಲಿ ಗಾನ್‌ಜಾಗ ಮೇಲೆ 40, ಜಾರ್ಜ್‌ಟೌನ್ ಮೇಲೆ 30, ವಿಸ್ಕಾನ್ಸಿನ್ ಮೇಲೆ 33 ಹಾಕಿದ್ದು ಈ ಓಟದಿಂದಲೇ. ರಿಚರ್ಡ್ಸ್ ಓದು ಮುಗಿಸಿ ಹೋದ ಮೇಲೆ ಬಾಲ್ ನಡೆಸುವ ಕೆಲಸವನ್ನೂ ಕಲಿತ. ಅಂದರೆ ಎನ್‌ಬಿಎಗೆ ಬರುವಾಗಲೇ ಅವನ ಕೈಯಲ್ಲಿ ಎರಡು ಕಸುಬು ಇದ್ದವು.

ನನಗೆ ತುಂಬಾ ಇಷ್ಟವಾದ ಪಂದ್ಯ ಇನ್ನೊಂದಿದೆ. 2008ರ ನವೆಂಬರ್, ಮೇರಿಲ್ಯಾಂಡ್‌ನ ಲೊಯೋಲಾ ತಂಡದ ಎದುರು. ಅವರು ಕರಿಯ ಮೇಲೆ ಪಂದ್ಯಪೂರ್ತಿ ಇಬ್ಬರನ್ನು ಬಿಟ್ಟರು. ಬಾಲ್ ಎಲ್ಲೇ ಇರಲಿ, ಆ ಇಬ್ಬರು ಇವನ ಪಕ್ಕದಲ್ಲೇ. ಕರಿ ಏನು ಮಾಡಿದ ಗೊತ್ತಾ? ಹೋಗಿ ಮೂಲೆಯಲ್ಲಿ ನಿಂತ. ಉಳಿದ ನಾಲ್ವರು ಮೂವರ ಎದುರು ಆಡಿದರು. ಕರಿ ಮೂರೇ ಸಲ ಹೊಡೆದ, ಒಂದೂ ಬೀಳಲಿಲ್ಲ, ಪಾಯಿಂಟ್ ಸೊನ್ನೆ. ಡೇವಿಡ್‌ಸನ್ 78-48ರಿಂದ ಗೆದ್ದಿತು. ಅಂಕಪಟ್ಟಿ ಮಾತ್ರ ನೋಡಿದವರಿಗೆ ಅದು ಅವನ ಅತಿ ಕೆಟ್ಟ ಪಂದ್ಯ. ನನ್ನ ಪ್ರಕಾರ ಅವನು ಮುಂದೆ ಏನಾಗುತ್ತಾನೆ ಅಂತ ಹೇಳಿದ್ದು ಆ ಪಂದ್ಯ. ಅವನು ನಿಂತಲ್ಲೇ ನಿಂತರೂ ಇಬ್ಬರನ್ನು ಹಿಡಿದಿಡುತ್ತಿದ್ದ. ಗೋಲ್ಡನ್ ಸ್ಟೇಟ್ ತಂಡ ಆಮೇಲೆ ಗೆದ್ದ ಕಪ್‌ಗಳ ಹಿಂದೆ ಇದೇ ಗುಣ ಇದೆ. ಆದರೂ 2009ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಅವನು 7ನೆಯವನಾಗಿ ಹೋದ. ಮಿನೆಸೋಟ ತಂಡ 5 ಮತ್ತು 6ನೇ ಸರದಿಯಲ್ಲಿ ಬೇರೆ ಇಬ್ಬರು ಗಾರ್ಡ್‌ಗಳನ್ನು ತೆಗೆದುಕೊಂಡಿತು. ಆಯ್ಕೆ ಮಾಡುವುದೇ ಕಸುಬಾದವರಿಗೂ ಇದು ಸುಲಭವಲ್ಲ ಅನ್ನುವುದಕ್ಕೆ ಈ ಮಾತು.

ಈಗ ಜಿಮ್ಮರ್‌ನ ಕೊನೆಯ ಕಾಲೇಜು ಪಂದ್ಯಕ್ಕೆ ಬನ್ನಿ. 2011ರ ಮಾರ್ಚ್, ಫ್ಲಾರಿಡಾ ಎದುರು. ಹೆಚ್ಚುವರಿ ಸಮಯಕ್ಕೆ ಹೋಗಿ ಬಿವೈಯು 83-74ರಿಂದ ಸೋತಿತು. ಜಿಮ್ಮರ್ 32 ಪಾಯಿಂಟ್ ಹಾಕಿದ. ಆದರೆ ಅದಕ್ಕೆ 29 ಸಲ ಹೊಡೆದ, ಬಿದ್ದದ್ದು 11. ಮೂರು ಪಾಯಿಂಟ್‌ನ ಹೊಡೆತ 15ರಲ್ಲಿ 3. ಬುಟ್ಟಿಯ ಹತ್ತಿರ ಆಡುವ ಬಿವೈಯುನ ಮುಖ್ಯ ಆಟಗಾರ ಆಗ ತಂಡದಲ್ಲಿ ಇರಲಿಲ್ಲ, ಭಾರವೆಲ್ಲ ಇವನ ಮೇಲೇ ಬಿದ್ದಿತ್ತು. ಅದನ್ನು ಮರೆಯಬಾರದು. ಆದರೂ ಎತ್ತರದ, ಗಟ್ಟಿ ಮೈಯ, ವೇಗದ ಹುಡುಗರು ಒಬ್ಬರಾದ ಮೇಲೆ ಒಬ್ಬರು ಬಂದು ಮೈಗೆ ಅಂಟಿಕೊಂಡಾಗ ಅವನಿಗೆ ಜಾಗ ಸಿಗಲಿಲ್ಲ. ಎನ್‌ಬಿಎನಲ್ಲಿ ಪ್ರತಿ ರಾತ್ರಿಯೂ ಅಂಥವರೇ ಎದುರಿಗೆ. ಅವತ್ತು ನಾನು 32 ಅನ್ನುವ ಸಂಖ್ಯೆ ನೋಡಿ ಹೆಮ್ಮೆಪಟ್ಟೆ. 29 ಅನ್ನುವುದನ್ನು ನೋಡಬೇಕಿತ್ತು.

2011ರ ಡ್ರಾಫ್ಟ್‌ನಲ್ಲಿ ಜಿಮ್ಮರ್ 10ನೆಯವನು. ಮಿಲ್ವಾಕಿ ಹೆಸರಲ್ಲಿ ಆಯ್ಕೆಯಾದ, ಅದಲುಬದಲಿನಲ್ಲಿ ಸ್ಯಾಕ್ರಮೆಂಟೊ ಸೇರಿದ. ಕಾಲೇಜಿನ ಆಟ ಒಂದು ಕಡೆ ಇರಲಿ, ಇಲ್ಲಿ ಅವನ ಅದೃಷ್ಟವೂ ಕೈಕೊಟ್ಟಿತು. ಆ ವರ್ಷ ತಂಡಗಳ ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ ಲೀಗ್‌ಗೇ ಬೀಗ ಬಿದ್ದಿತ್ತು. ಹೊಸಬರು ಕಲಿಯುವ ಬೇಸಿಗೆ ಲೀಗ್ ನಡೆಯಲಿಲ್ಲ. ಸೀಸನ್ 66 ಪಂದ್ಯಕ್ಕೆ ಇಳಿಯಿತು. ಏಳು ಪಂದ್ಯ ಆಗುವಷ್ಟರಲ್ಲಿ ಕೋಚ್ ಬದಲಾದರು. ತಂಡದಲ್ಲಿ ಆಗಲೇ ಟೈರೀಕ್ ಎವನ್ಸ್, ಮಾರ್ಕಸ್ ಥಾರ್ನ್‌ಟನ್ ಇದ್ದರು, ಇಬ್ಬರಿಗೂ ಬಾಲ್ ಬೇಕು. ಮೇಲಿಂದ ಅದೇ ಡ್ರಾಫ್ಟ್‌ನ ಕಟ್ಟಕಡೆಯ ಆಯ್ಕೆ, 60ನೆಯವನಾದ ಐಸಾಯಾ ಥಾಮಸ್ ಬಂದು ಬಾಲ್ ನಡೆಸುವ ಪಾಯಿಂಟ್ ಗಾರ್ಡ್ ಜಾಗ ಹಿಡಿದುಬಿಟ್ಟ. ಜಿಮ್ಮರ್‌ಗೆ ಸಿಕ್ಕಿದ್ದು ಪಂದ್ಯಕ್ಕೆ ಸುಮಾರು 19 ನಿಮಿಷ, ಹೊಡೆದದ್ದು 7.6 ಪಾಯಿಂಟ್.

ಬಾಲ್ ಇನ್ನೊಬ್ಬನ ಕೈಗೆ ಹೋಯಿತು. ಈಗ ಇವನು ಮೂಲೆಯಲ್ಲಿ ಕಾಯಬೇಕು, ಓಡಬೇಕು, ಡಿಫೆನ್ಸ್ ಮಾಡಬೇಕು. ಮೂಲೆಯಿಂದ ಹೊಡೆಯುವುದು ಅವನಿಗೆ ಬರುತ್ತಿತ್ತು. ಎರಡನೇ ವರ್ಷ ಮೂರು ಪಾಯಿಂಟ್ ಹೊಡೆತದಲ್ಲಿ ಶೇ 41ಕ್ಕಿಂತ ಹೆಚ್ಚು ಹಾಕಿದ. ಆದರೆ ಅಂಗಳದಲ್ಲಿ ಉಳಿಯಲು ಅದೊಂದೇ ಸಾಲಲಿಲ್ಲ. ಅವನು ಹಾಕಿದ ಮೂರು ಪಾಯಿಂಟ್ ಅನ್ನು ಎದುರಾಳಿ ಅವನ ಕಡೆಯಿಂದಲೇ ವಾಪಸ್ ತೆಗೆದುಕೊಳ್ಳುತ್ತಿದ್ದ. ಮೂರನೇ ಸೀಸನ್ ಮುಗಿಯುವ ಮೊದಲೇ ಸ್ಯಾಕ್ರಮೆಂಟೊ ಅವನನ್ನು ಬಿಟ್ಟಿತು. ಶಿಕಾಗೊ, ನ್ಯೂ ಆರ್ಲಿಯನ್ಸ್, ನ್ಯೂಯಾರ್ಕ್, ಕೊನೆಗೆ 2019ರಲ್ಲಿ ಕೆಲವೇ ದಿನ ಫೀನಿಕ್ಸ್.

ಅವನ ಹಿಂದೆಯೇ, 11ನೆಯವನಾಗಿ ಆಯ್ಕೆಯಾದವನು ಕ್ಲೇ ಥಾಮ್ಸನ್. 2016ರ ಡಿಸೆಂಬರ್‌ನಲ್ಲಿ ಒಂದು ಪಂದ್ಯದಲ್ಲಿ ಅವನು 29 ನಿಮಿಷದಲ್ಲಿ 60 ಪಾಯಿಂಟ್ ಹೊಡೆದ. ಅಷ್ಟಕ್ಕೂ ಡ್ರಿಬಲ್ ಮಾಡಿದ್ದು 11 ಸಲ. ಬಾಲ್ ಅವನ ಕೈಯಲ್ಲಿದ್ದದ್ದು ಒಟ್ಟು 90 ಸೆಕೆಂಡಿನಷ್ಟು. ಇದನ್ನು ಮೊದಲ ಸಲ ಓದಿದಾಗ ನನಗೆ ಜಿಮ್ಮರ್ ನೆನಪಾದ. ಜಿಮ್ಮರ್‌ಗೆ ಒಂದು ಬುಟ್ಟಿಗೇ ಅಷ್ಟು ಡ್ರಿಬಲ್ ಬೇಕಾದ ದಿನಗಳಿದ್ದವು. ಇನ್ನು ಆ ಜನವರಿ ರಾತ್ರಿ ಸೋತ ಕವೈ ಲೆನಾರ್ಡ್ 15ನೆಯವನಾಗಿ ಹೋದ. ಕಾಲೇಜಿನಲ್ಲಿ ಅವನಿಗೆ ದೂರದ ಹೊಡೆತ ಬರುತ್ತಿರಲಿಲ್ಲ. ಆದರೆ ಪಂದ್ಯಕ್ಕೆ ಹತ್ತಕ್ಕಿಂತ ಹೆಚ್ಚು ರಿಬೌಂಡ್ (ಗುರಿ ತಪ್ಪಿ ಚಿಮ್ಮಿದ ಬಾಲ್) ಹಿಡಿಯುತ್ತಿದ್ದ, ದೊಡ್ಡ ಕೈ, ಯಾರನ್ನು ಬೇಕಾದರೂ ತಡೆಯುವ ಕಾಲು. ಹೊಡೆತವನ್ನು ಆಮೇಲೆ ಕಲಿತ. 2014 ಮತ್ತು 2019ರ ಫೈನಲ್‌ಗಳಲ್ಲಿ ಶ್ರೇಷ್ಠ ಆಟಗಾರ ಅವನೇ. ಹೊಡೆತ ಕಲಿಯಬಹುದು. ಇಪ್ಪತ್ತೆರಡು ವರ್ಷದವನ ಕಾಲಿಗೆ ಹೊಸ ವೇಗ ಬರುವುದು ಕಷ್ಟ.

ಜಿಮ್ಮರ್‌ನ ಆಟ ನಿಜವಾದದ್ದೇ ಅಂದೆನಲ್ಲ, ಅದಕ್ಕೆ ಚೀನಾ ಸಾಕ್ಷಿ. 2016ರಲ್ಲಿ ಶಾಂಘೈ ಶಾರ್ಕ್ಸ್ ಸೇರಿದ. ಬಾಲ್ ಮತ್ತೆ ಅವನ ಕೈಗೆ ಬಂತು. ಒಂದು ಪಂದ್ಯದಲ್ಲಿ 73, ಇನ್ನೊಂದರಲ್ಲಿ 75 ಪಾಯಿಂಟ್ ಹೊಡೆದ. ಅಲ್ಲಿಯ ಜನ ಅವನನ್ನು ತಲೆ ಮೇಲೆ ಹೊತ್ತು ಮೆರೆಸಿದರು. ಆಮೇಲೆ ಗ್ರೀಸ್‌ನ ಪನಥಿನೈಕೋಸ್ ತಂಡದಲ್ಲೂ ಆಡಿದ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಮೂವರೆದುರು ಮೂವರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಮೆರಿಕದ ತಂಡದಲ್ಲಿದ್ದ, ಗಾಯವಾಗಿ ಮಧ್ಯದಲ್ಲೇ ಹೊರಬರಬೇಕಾಯಿತು. ಇಷ್ಟು ವರ್ಷ ಇಷ್ಟು ದೇಶಗಳಲ್ಲಿ ಆಡಿ ದುಡಿದವನನ್ನು 'ವಿಫಲ' ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ರಣಜಿಯಲ್ಲಿ ರಾಶಿ ರಾಶಿ ರನ್ ಹೊಡೆದು ಟೆಸ್ಟ್‌ನಲ್ಲಿ ನಿಲ್ಲದವರನ್ನು ನಾವು ಹಾಗೆ ಕರೆಯುತ್ತೇವಾ? ಇಲ್ಲ, ಅಲ್ವಾ?

ಈಗಿನ ಎನ್‌ಬಿಎನಲ್ಲಿ ಇದ್ದಿದ್ದರೆ ಗೆಲ್ಲುತ್ತಿದ್ದ, ಈಗ ಎಲ್ಲರೂ ದೂರದಿಂದಲೇ ಹೊಡೆಯುತ್ತಾರಲ್ಲ ಅಂತ ಬಹಳ ಜನ ಹೇಳುತ್ತಾರೆ. ನನಗೆ ಪೂರ್ತಿ ನಂಬಿಕೆಯಿಲ್ಲ. ಹೊಡೆಯುವ ಅವಕಾಶ ಖಂಡಿತ ಜಾಸ್ತಿ ಸಿಗುತ್ತಿತ್ತು. ಆದರೆ ಈಗ ತಂಡಗಳು ಡಿಫೆನ್ಸ್‌ನಲ್ಲಿ ಯಾರು ದುರ್ಬಲ ಅಂತ ಹುಡುಕಿ, ಸ್ಕ್ರೀನ್ ಹಾಕಿಸಿ, ತಮ್ಮ ಒಳ್ಳೆಯ ಆಟಗಾರನ ಎದುರಿಗೆ ಅವನನ್ನೇ ಎಳೆದು ತರುತ್ತವೆ. ಬಿವೈಯುನಲ್ಲಿ ಎಮರಿ ಅವನನ್ನು ಕಾಪಾಡಿದ ಹಾಗೆ ಇಲ್ಲಿ ಯಾರೂ ಕಾಪಾಡಲು ಆಗುವುದಿಲ್ಲ.

ಹಾಗಾಗಿ ಮುಂದಿನ ಸಲ ಯಾವುದೋ ಕಾಲೇಜು ಹುಡುಗನ ಬಗ್ಗೆ ಗದ್ದಲ ಎದ್ದಾಗ, ಐದು ನಿಮಿಷದ ಆಯ್ದ ತುಣುಕು ಬಿಟ್ಟು ಒಂದು ಪೂರ್ತಿ ಪಂದ್ಯ ಹುಡುಕಿ. ಅದೂ ಅವನ ತಂಡಕ್ಕಿಂತ ಬಲವಾದ ತಂಡದ ಎದುರಿನದು. ಬಾಲ್ ಹಿಂದೆ ಕಣ್ಣು ಓಡಿಸದೆ ಅವನೊಬ್ಬನನ್ನೇ ನೋಡಿ. ಪಾಸ್ ಕೊಟ್ಟ ಮೇಲೆ ನಿಂತುಬಿಡುತ್ತಾನಾ, ಓಡುತ್ತಾನಾ? ಕೋಚ್ ಅವನನ್ನು ಯಾರ ಮೇಲೆ ನಿಲ್ಲಿಸಿದ್ದಾರೆ? ಇಬ್ಬರು ಸುತ್ತುವರಿದಾಗ ಬಾಲ್ ಎಲ್ಲಿಗೆ ಹೋಗುತ್ತದೆ? ನಾನು ಸ್ಟೀಲ್ (ಎದುರಾಳಿಯಿಂದ ಬಾಲ್ ಕಸಿಯುವುದು) ಮತ್ತು ರಿಬೌಂಡ್ ಲೆಕ್ಕವನ್ನೂ ನೋಡುತ್ತೇನೆ, ಕಾಲು ಮತ್ತು ಕೈಯ ಚುರುಕು ಅಲ್ಲಿ ಗೊತ್ತಾಗುತ್ತದೆ. ಕರಿ ಕಾಲೇಜಿನ ಕೊನೆಯ ವರ್ಷ ಪಂದ್ಯಕ್ಕೆ 2.5 ಸ್ಟೀಲ್ ಮಾಡಿದ್ದ. ಜಿಮ್ಮರ್‌ನದ್ದು ಅದರ ಅರ್ಧದಷ್ಟು. ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ತಡೆಯದ ಹೊಡೆತ) ಶೇಕಡಾವಾರು ಮಾತ್ರ ಜಿಮ್ಮರ್‌ನ ವಿಷಯದಲ್ಲಿ ನಿಜ ಹೇಳಿತ್ತು. ಶೇ 89. ಒಳ್ಳೆಯ ಹೊಡೆತಗಾರ ಅಂತ ಅದು ಹೇಳಿತು, ಕೊನೆವರೆಗೂ ಅವನು ಹಾಗೇ ಇದ್ದ.

ನೀವು ನೋಡಿದ ವಿಡಿಯೊಗಳಲ್ಲಿ ಸ್ಯಾನ್ ಡಿಯೇಗೊ ಸ್ಟೇಟ್ ಪಂದ್ಯ ಇದ್ದೇ ಇರುತ್ತದೆ. ಫ್ಲಾರಿಡಾ ಪಂದ್ಯ ಪೂರ್ತಿ ಸಿಕ್ಕರೆ ಅದನ್ನೂ ನೋಡಿ. ನೋಡಿದ ಮೇಲೆ ಏನನ್ನಿಸಿತು ಅಂತ ಇಲ್ಲೇ ಕೆಳಗೆ ಬರೆಯಿರಿ. ನಿಮ್ಮ ಅಭಿಪ್ರಾಯ ನನ್ನದಕ್ಕಿಂತ ಬೇರೆಯಾಗಿದ್ದರೆ ಅದನ್ನು ಓದಲು ನನಗೆ ನಿಜವಾಗಿಯೂ ಇಷ್ಟ.